ಕಾಡೇ ಹುಲಿ ಆದಾಗ: ವರ್ಣಭೇದದ ಕತೆಗಳಲ್ಲಿ ಜಾಗ ಮೂಡ್ ಕಟ್ಟೋ ಬಗೆ

ನಾನು ಬೆಳೆದಿದ್ದು ಮಲ್ಲೇಶ್ವರದಲ್ಲಿ. ಮನೆ ಮುಂದೆ ರಸ್ತೆ, ರಸ್ತೆಗೆ ಹೊಂಗೆ ಮರದ ನೆರಳು, ಬೆಳಗ್ಗೆ ಹಾಲಿನೋರು, ಹೂವಿನೋರು, ಸೊಪ್ಪಿನೋರು ಎಲ್ಲಾ ಆ ಕಡೆಯಿಂದಾನೇ ಬರೋದು. ಮನೆ ಹಿಂದೆ ಇನ್ನೊಂದು ದಾರಿ ಇತ್ತು, ಎರಡು ಸಾಲು ಮನೆಗಳ ಹಿತ್ತಲ ಗೋಡೆ ಮಧ್ಯೆ ಸಿಕ್ಕೊಂಡಿರೋ ಕಿರಿದಾದ ಓಣಿ, ಕಾಗದದಲ್ಲಿ ಅದಕ್ಕೆ ಕನ್ಸರ್ವೆನ್ಸಿ ಲೇನ್ ಅಂತ ಹೆಸರು, ನಮ್ಮನೇಲಿ ಬರೀ ಹಿಂದಿನ ಸಂದಿ. ಕ್ರಿಕೆಟ್ ಬಾಲ್ ಅಲ್ಲಿಗೆ ಹಾರಿದ್ರೆ ಹೋಗಿ ತರಬಹುದಿತ್ತು, ಆದ್ರೆ ವಾಪಸ್ ಬಂದ್ಮೇಲೆ ಕಾಲು ತೊಳ್ಕೊಂಡೇ ಒಳಗೆ ಬರಬೇಕು ಅಂತ ಅಜ್ಜಿ ರೂಲು. ಮುಂದಿನ ರಸ್ತೇಲಿ ಇಡೀ ದಿನ ಮಣ್ಣಲ್ಲಿ ಹೊರಳಾಡಿ ಬಂದ್ರೂ ಆ ರೂಲು ಇರ್ಲಿಲ್ಲ. ಯಾಕೆ ಅಂತ ಕೇಳಿದ್ರೆ ಅಜ್ಜಿ ಒಂದೇ ಮಾತು ಹೇಳೋರು, ಅದು ಅವರು ಬರ್ತಿದ್ದ ದಾರಿ ಕಣೋ ಅಂತ.

ಅವರು ಅಂದ್ರೆ ಕಕ್ಕಸು ಬಳಿಯೋಕೆ ಬರ್ತಿದ್ದವರು. ನಾನು ಹುಟ್ಟೋ ಹೊತ್ತಿಗೆ ಒಳಚರಂಡಿ ಬಂದು ಎಷ್ಟೋ ಕಾಲ ಆಗಿತ್ತು, ಯಾರೂ ಆ ದಾರೀಲಿ ಬರ್ತಿರ್ಲಿಲ್ಲ, ಇದ್ದಿದ್ದು ಒಂದು ಪರಂಗಿ ಗಿಡ, ಒಡೆದ ಹೂಕುಂಡ, ಮಧ್ಯಾಹ್ನದ ಬಿಸಿಲು ಅಷ್ಟೇ. ಆದ್ರೂ ಅಲ್ಲಿ ನಿಂತ್ರೆ ಎದೆ ಒಂಥರಾ ಬಿಗಿ ಆಗೋದು. ಕತ್ತಲೆ ಇಲ್ಲ, ಹಾಳು ಬಾವಿ ಇಲ್ಲ, ದೆವ್ವದ ಕತೆಗೆ ಬೇಕಾಗಿರೋ ಒಂದು ಸಾಮಾನೂ ಅಲ್ಲಿ ಇರ್ಲಿಲ್ಲ. ಇದ್ದಿದ್ದು ಒಂದು ರೂಲು, ಆ ರೂಲು ಮಾಡಿದೋರೂ ಹೋದ್ರು, ಅದನ್ನ ಅನುಭವಿಸಿದೋರೂ ಆ ದಾರಿ ಬಿಟ್ಟು ಹೋದ್ರು, ರೂಲು ಮಾತ್ರ ಆ ನೆಲದಲ್ಲೇ ಉಳ್ಕೊಂಡಿತ್ತು.

ಕತೇಲಿ ಸೆಟ್ಟಿಂಗ್‌ನಿಂದ ಮೂಡ್ ಹೆಂಗೆ ಬರತ್ತೆ ಅಂತ ಯಾರಾದ್ರೂ ಕೇಳಿದ್ರೆ ನಂಗೆ ಮೊದಲು ನೆನಪಾಗೋದು ಆ ಸಂದಿ. ಇದನ್ನ ಈಗ ಬರೀತಿರೋದಕ್ಕೆ ಕಾರಣ ಇದೆ. ನಾವು ಏಳೆಂಟು ಜನ ತಿಂಗಳಿಗೊಂದು ಭಾನುವಾರ ಕಬ್ಬನ್ ಪಾರ್ಕಲ್ಲಿ ಸೇರಿ ಓದ್ತೀವಿ, ಬರೆಯೋರು ಇದ್ರೆ ಬರೆದಿದ್ದನ್ನೂ ತರ್ತಾರೆ, ಹೋದ ಸಲ ಒಬ್ಬ ಹುಡುಗಿ ಒಂದು ಕತೆ ತಂದಿದ್ಲು. ಆಫ್ರಿಕಾದಿಂದ ಓದೋಕೆ ಬಂದಿರೋ ಒಬ್ಬ ಹುಡುಗ ಹೆಣ್ಣೂರು ಕಡೆ ಬಾಡಿಗೆ ಮನೆ ಹುಡುಕ್ತಾನೆ, ಯಾರೂ ಕೊಡಲ್ಲ, ಅದು ಕತೆ. ಕಪ್ಪು ಮೋಡ, ಗುಡುಗು, ಬೀದಿ ನಾಯಿ ಊಳಿಡೋದು, ಕರೆಂಟ್ ಹೋಗೋದು, ಎಲ್ಲಾ ಇತ್ತು. ಓದಿ ಮುಗಿಸಿದ್ಮೇಲೆ ಎಲ್ಲರೂ ಒಂದೇ ಮಾತು ಹೇಳಿದ್ರು, ಮೂಡ್ ಬಂದಿಲ್ಲ ಅಂತ. ಪಾಪ ಅವಳು ಕೇಳಿದ್ಲು, ಇನ್ನೂ ಏನು ಹಾಕಬೇಕಿತ್ತು ಸರ್ ಅಂತ. ಹಾಕೋದಲ್ಲಮ್ಮ, ಅಂತ ಅಂದುಬಿಟ್ಟೆ, ಅವತ್ತು ಸರಿಯಾಗಿ ಬಿಡಿಸಿ ಹೇಳೋಕೆ ಆಗ್ಲಿಲ್ಲ, ಅದನ್ನೇ ಇಲ್ಲಿ ಹೇಳೋಕೆ ನೋಡ್ತೀನಿ.

ಮೊದಲು ಪದಗಳು. ಸೆಟ್ಟಿಂಗ್ ಅಂದ್ರೆ ಕತೆ ನಡೆಯೋ ಜಾಗ, ಕಾಲ, ಹವಾಮಾನ, ಮನೆ, ರಸ್ತೆ, ಅದರ ಜೊತೆಗೆ ಅಲ್ಲಿ ನಡೆಯೋ ರೀತಿ ರಿವಾಜು. ಮೂಡ್ ಅಂದ್ರೆ ಓದುವಾಗ ನಮ್ಮೊಳಗೆ ಕೂರೋ ಭಾವ. ಬರೆಯೋರ ಧಾಟಿ ಬೇರೆ, ಮೂಡ್ ಬೇರೆ, ಬರೆಯೋರು ತುಂಬಾ ತಣ್ಣಗೆ ಬರೆದಿರ್ತಾರೆ, ಓದೋರ ಕೈ ನಡುಗ್ತಿರತ್ತೆ, ಹಂಗೂ ಆಗತ್ತೆ.

ನಮ್ಮ ಕಾವ್ಯಮೀಮಾಂಸೆ ಸ್ವಲ್ಪ ಓದಿದೋರಿಗೆ ಮುಂದಿನ ಮಾತು ಬೇಗ ಹಿಡಿಯತ್ತೆ. ರಸ ಹುಟ್ಟೋಕೆ ಎರಡು ಥರದ ವಿಭಾವ, ಅಂದ್ರೆ ಕಾರಣ, ಹೇಳ್ತಾರೆ. ಭಾವ ಯಾರನ್ನ ಹಿಡ್ಕೊಂಡು ನಿಂತಿದ್ಯೋ ಅದು ಆಲಂಬನ, ಆ ಭಾವಕ್ಕೆ ಗಾಳಿ ಹಾಕಿ ಉರಿಸೋ ಬೆಳದಿಂಗಳು, ತಂಗಾಳಿ, ಹೂದೋಟ ಇವೆಲ್ಲ ಉದ್ದೀಪನ. ದುಷ್ಯಂತನಿಗೆ ಶಕುಂತಲೆ ಆಲಂಬನ, ಆಶ್ರಮದ ಬಳ್ಳಿ, ಮಾಲಿನಿ ನದಿ ತೀರ ಉದ್ದೀಪನ. ಭಯಾನಕಕ್ಕೆ ಬಂದ್ರೆ ಹುಲಿ ಆಲಂಬನ, ಕತ್ತಲ ಕಾಡು ಉದ್ದೀಪನ. ನಾವೆಲ್ಲ ಸ್ಕೂಲಿಂದ ಕಲಿತಿರೋದು ಈ ಲೆಕ್ಕಾನೇ, ಅದಕ್ಕೇ ದುಃಖದ ಕತೆ ಅಂದ ತಕ್ಷಣ ಮಳೆ ಸುರಿಸ್ತೀವಿ. ಆದ್ರೆ ಜನಾಂಗದ ಹೆಸರಲ್ಲಿ ಮನುಷ್ಯರನ್ನ ತುಳಿಯೋ ಕತೆಗಳಲ್ಲಿ ಈ ಲೆಕ್ಕ ತಲೆಕೆಳಗಾಗತ್ತೆ. ಅಲ್ಲಿ ಜಾಗ ಭಯಕ್ಕೆ ಗಾಳಿ ಹಾಕೋ ಸಾಮಾನು ಅಲ್ಲ, ಜಾಗವೇ ಭಯದ ಮೂಲ. ಕಾಡೇ ಹುಲಿ.

ಯಾಕೆ ಹಂಗೆ ಅಂದ್ರೆ ಆ ದಬ್ಬಾಳಿಕೆ ನಡೆದಿದ್ದೇ ಜಾಗದ ಮೂಲಕ. ಅಮೆರಿಕದ ಸುಪ್ರೀಂ ಕೋರ್ಟ್ 1896ರಲ್ಲಿ, ಬಿಳಿಯರಿಗೂ ಕಪ್ಪು ಜನಕ್ಕೂ ಬೇರೆ ಬೇರೆ ರೈಲು ಬೋಗಿ ಇಡೋದು ಸಂವಿಧಾನಕ್ಕೆ ವಿರುದ್ಧ ಅಲ್ಲ ಅಂತ ತೀರ್ಪು ಕೊಡ್ತು, ಅದರ ಬಲದ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಸ್ಕೂಲು, ಕುಡಿಯೋ ನೀರಿನ ನಲ್ಲಿ, ಆಸ್ಪತ್ರೆ ವಾರ್ಡು ಎಲ್ಲಾ ಎರಡೆರಡಾದವು. ಸ್ಕೂಲಿನ ಮಟ್ಟಿಗೆ ಅದನ್ನ ಅದೇ ಕೋರ್ಟ್ ತಪ್ಪು ಅಂದಿದ್ದು 1954ರಲ್ಲಿ. ಕೆಲವು ಊರುಗಳಲ್ಲಿ ಹೊತ್ತು ಮುಳುಗೋದ್ರೊಳಗೆ ಕಪ್ಪು ಜನ ಊರಾಚೆ ಹೋಗಿರಬೇಕು ಅಂತ ಬೋರ್ಡೇ ಹಾಕಿರ್ತಿದ್ರು. ನ್ಯೂಯಾರ್ಕಿನ ಒಬ್ಬ ಕಪ್ಪು ಪೋಸ್ಟ್‌ಮ್ಯಾನ್, ವಿಕ್ಟರ್ ಹ್ಯೂಗೊ ಗ್ರೀನ್ ಅಂತ, 1936ರಲ್ಲಿ ಒಂದು ಗೈಡ್ ಶುರು ಮಾಡಿದ, ಕಾರಲ್ಲಿ ಹೊರಟ ಕಪ್ಪು ಸಂಸಾರ ಯಾವ ಊರಲ್ಲಿ ಯಾವ ಹೋಟೆಲಲ್ಲಿ ಧೈರ್ಯವಾಗಿ ಉಳ್ಕೋಬಹುದು, ಎಲ್ಲಿ ಊಟ ಸಿಗತ್ತೆ ಅನ್ನೋ ಪಟ್ಟಿ ಅದು, 30 ವರ್ಷದ ಹತ್ತಿರ ಅಚ್ಚಾಗ್ತಾ ಇತ್ತು. ಒಂದೇ ಹೆದ್ದಾರಿ, ಅದೇ ಸಂಜೆ, ಅದೇ ಸೂರ್ಯಾಸ್ತ, ಒಬ್ಬರಿಗೆ ಟ್ರಿಪ್ಪು, ಇನ್ನೊಬ್ಬರಿಗೆ ಗಡಿಯಾರದ ಜೊತೆ ಓಟ. ಸೂರ್ಯಾಸ್ತ ಅನ್ನೋ ಪದಕ್ಕೇ ಇಲ್ಲಿ ಎರಡು ಮೂಡ್ ಆಯ್ತಲ್ಲ, ನಾನು ಹೇಳ್ತಿರೋದು ಅದನ್ನೇ.

ದಕ್ಷಿಣ ಆಫ್ರಿಕಾದಲ್ಲಿ ಇದು ಇನ್ನೂ ಬೆತ್ತಲೆಯಾಗಿ ನಡೀತು. 1913ರ ಭೂ ಕಾಯ್ದೆ ಕಪ್ಪು ಜನಕ್ಕೆ ಅಂತ ಬಿಟ್ಟಿದ್ದು ದೇಶದ ನೆಲದಲ್ಲಿ ಸುಮಾರು ಶೇಕಡಾ 7 ಅಷ್ಟೇ. 1950ರಲ್ಲಿ ಯಾವ ಬಣ್ಣದೋರು ಯಾವ ಏರಿಯಾದಲ್ಲಿ ಇರಬೇಕು ಅಂತಾನೇ ಕಾನೂನು ಬಂತು. ಜೊಹಾನೆಸ್‌ಬರ್ಗಿನ ಸೋಫಿಯಾಟೌನ್ ಅನ್ನೋ ಕಡೆ 1955ರಲ್ಲಿ ಜನರನ್ನ ಲಾರಿಗೆ ತುಂಬಿ ಸಾಗಿಸೋಕೆ ಶುರು ಮಾಡಿ, ಮನೆ ಕೆಡವಿ, ಅಲ್ಲಿ ಬಿಳಿಯರ ಬಡಾವಣೆ ಕಟ್ಟಿ ಅದಕ್ಕೆ ಟ್ರಿಯೊಂಫ್ ಅಂತ ಹೆಸರಿಟ್ರು, ಅವರ ಭಾಷೇಲಿ ವಿಜಯ ಅಂತ ಅರ್ಥ. ಮನೆ ಕೆಡವಿದ್ದಕ್ಕಿಂತ ಆ ಹೆಸರು ನಂಗೆ ಜಾಸ್ತಿ ಚುಚ್ಚತ್ತೆ.

ಈಗ ಇದು ಕತೆಗೆ ಹೆಂಗೆ ಬರತ್ತೆ ನೋಡೋಣ. ಅಲನ್ ಪೇಟನ್‌ನ 'ಕ್ರೈ, ದಿ ಬಿಲವೆಡ್ ಕಂಟ್ರಿ' 1948ರದ್ದು, ಅಪಾರ್ತೈಡ್, ಅಂದ್ರೆ ಬಣ್ಣ ನೋಡಿ ಜನರನ್ನ ಬೇರೆ ಬೇರೆ ಇಡೋ ಆಡಳಿತ, ಅದನ್ನ ತಂದ ಪಕ್ಷ ಅಧಿಕಾರಕ್ಕೆ ಬಂದ ವರ್ಷವೇ ಬಂದ ಕಾದಂಬರಿ. ಇಕ್ಸೋಪೊ ಅನ್ನೋ ಊರಿಂದ ಬೆಟ್ಟಕ್ಕೆ ಹೋಗೋ ಒಂದು ಚೆಂದದ ರಸ್ತೆಯಿಂದ ಅದು ಶುರುವಾಗತ್ತೆ. ಬೆಟ್ಟದ ಮೇಲೆ ಹುಲ್ಲು ದಟ್ಟವಾಗಿದೆ, ಮಳೆ ಮಂಜು ನೆಲಕ್ಕೆ ಇಂಗತ್ತೆ. ಹಂಗೇ ಕೆಳಗೆ ಇಳೀತಾ ಹೋದ್ರೆ ಹುಲ್ಲು ಸವೀತಾ ಹೋಗಿ, ಕಣಿವೇಲಿ ಕೆಂಪು ಮಣ್ಣು ಬೋಳಾಗಿ ಬಿದ್ದಿದೆ, ಅಲ್ಲಿ ಕಪ್ಪು ಜನರ ಹಳ್ಳಿ. ಇಷ್ಟೇ ಆಗಿದ್ರೆ ನಾನಿದನ್ನ ಹೇಳ್ತಿರ್ಲಿಲ್ಲ. ಎರಡನೇ ಭಾಗದ ಶುರುವಲ್ಲಿ ಪೇಟನ್ ಅದೇ ವಾಕ್ಯಗಳನ್ನ ಮತ್ತೆ ಬರೀತಾನೆ, ಅದೇ ರಸ್ತೆ, ಅದೇ ಬೆಟ್ಟ, ಅದೇ ಹುಲ್ಲು, ಆದ್ರೆ ಈ ಸಲ ಕಣಿವೆಗೆ ಇಳಿಯೋದಕ್ಕೆ ಮುಂಚೇನೇ ನಿಲ್ಲಿಸಿಬಿಡ್ತಾನೆ, ಯಾಕಂದ್ರೆ ಈ ಸಲ ಹೋಗ್ತಿರೋದು ಮೇಲಿರೋ ಬಿಳಿಯ ರೈತನ ಜಮೀನಿಗೆ. ವಾಕ್ಯ ಅದೇ, ಎದೇಲಿ ಆಗೋದು ಮಾತ್ರ ಬೇರೆ. ಮೊದಲ ಸಲ ಓದಿದಾಗ ಸುಂದರ ಅನಿಸಿದ್ದ ಹುಲ್ಲು ಎರಡನೇ ಸಲ ಓದುವಾಗ ಕಳ್ಳಮಾಲಿನ ಥರ ಕಾಣತ್ತೆ. ಅವನು ಎಲ್ಲೂ ಅನ್ಯಾಯ ಅನ್ನೋ ಪದ ಹಾಕಿಲ್ಲ ಅಲ್ಲಿ. ಮಣ್ಣು ಯಾಕೆ ಬೋಳಾಯ್ತು ಅಂದ್ರೆ ಅಷ್ಟು ಸಣ್ಣ ಜಾಗಕ್ಕೆ ಅಷ್ಟು ಜನಾನ, ಅಷ್ಟು ದನಾನ ಒತ್ತರಿಸಿದ್ದಕ್ಕೆ, ಅಂದ್ರೆ ಆ ಶೇಕಡಾ 7 ಅನ್ನೋ ಲೆಕ್ಕಾನೇ ಅಲ್ಲಿ ಮಣ್ಣಿನ ಬಣ್ಣ ಆಗಿ ಕೂತಿದೆ.

ರಿಚರ್ಡ್ ರೈಟ್ ಬೇರೆ ಥರದ ಬರಹಗಾರ, ಅವನಿಗೆ ಬೆಟ್ಟ ಹುಲ್ಲು ಏನೂ ಇಲ್ಲ, ಶಿಕಾಗೊದ ಒಂದು ರೂಮಿದೆ. 1940ರ 'ನೇಟಿವ್ ಸನ್' ಅಲಾರಾಂ ಗಡಿಯಾರ ಹೊಡ್ಕೊಳೋದ್ರಿಂದ ಶುರುವಾಗತ್ತೆ. ಒಂದೇ ರೂಮಲ್ಲಿ ತಾಯಿ, ಮಗಳು, ಇಬ್ಬರು ಗಂಡು ಮಕ್ಕಳು, ಹೆಂಗಸರು ಬಟ್ಟೆ ಹಾಕ್ಕೊಳೋವಾಗ ಹುಡುಗರು ಗೋಡೆ ಕಡೆ ಮುಖ ಮಾಡಿ ನಿಲ್ಲಬೇಕು. ಅಷ್ಟರಲ್ಲಿ ಒಂದು ದೊಡ್ಡ ಹೆಗ್ಗಣ ಬರತ್ತೆ, ಬಾಗಿಲು ಮುಚ್ಚಿ, ಬಿಲ ಮುಚ್ಚಿ, ಮೂಲೆಗೆ ಒತ್ತಿ, ಬಾಣಲೆ ಎಸೆದು ಅದನ್ನ ಬಿಗ್ಗರ್ ಅನ್ನೋ ಹುಡುಗ ಸಾಯಿಸ್ತಾನೆ. ದಾರಿ ಮುಚ್ಚಿದ ರೂಮಲ್ಲಿ ಮೂಲೆಗೆ ಸಿಕ್ಕಿದ ಪ್ರಾಣಿ ಹೆಂಗೆ ಹಾರಿ ಕಚ್ಚತ್ತೆ ಅನ್ನೋದನ್ನ ಮೊದಲ ಕೆಲವು ಪುಟದಲ್ಲೇ ತೋರಿಸಿ ಮುಗಿಸ್ತಾನೆ ರೈಟ್, ಇಡೀ ಕಾದಂಬರಿಯಲ್ಲಿ ಆಮೇಲೆ ಅದೇ ಬಿಗ್ಗರ್‌ಗೆ ಆಗೋದು.

ಆ ರೂಮಿನ ಬಾಡಿಗೆ ವಾರಕ್ಕೆ 8 ಡಾಲರ್. ಬಿಗ್ಗರ್‌ಗೆ ಡ್ರೈವರ್ ಕೆಲಸ ಕೊಡೋ ಡಾಲ್ಟನ್ ಅನ್ನೋ ಶ್ರೀಮಂತ, ಕಪ್ಪು ಜನರ ಸಂಘ ಸಂಸ್ಥೆಗಳಿಗೆ ದಾನ ಕೊಡೋ ಮನುಷ್ಯ, ಹೆಗ್ಗಣ ಇರೋ ಆ ಕಟ್ಟಡದ ಬಾಡಿಗೆ ತಿನ್ನೋ ಕಂಪನಿಯ ಮಾಲೀಕನೂ ಅವನೇ. ಡಾಲ್ಟನ್ ಮನೆ ದೊಡ್ಡದು, ಶಾಂತವಾಗಿದೆ, ಮೆತ್ತನೆ ಬೆಳಕಿದೆ, ಆದ್ರೆ ಬಿಗ್ಗರ್ ಜೊತೆ ಒಳಗೆ ಹೋದ ನಮಗೆ ಅಲ್ಲಿ ಉಸಿರು ಕಟ್ಟತ್ತೆ, ಕುರ್ಚೀಲಿ ಹೆಂಗೆ ಕೂರಬೇಕು ಅನ್ನೋದೇ ಅವನಿಗೆ ಗೊತ್ತಾಗಲ್ಲ. ಹೆಗ್ಗಣದ ರೂಮಿಗಿಂತ ಈ ಚೆಂದದ ಮನೇಲೇ ಭಯ ಜಾಸ್ತಿ. ಆಮೇಲೆ ಡಾಲ್ಟನ್ ಮಗಳು ಅವನ ಕೈಲಿ ಸತ್ತು, ಅವನು ಪೊಲೀಸರಿಂದ ತಪ್ಪಿಸ್ಕೊಂಡು ಓಡ್ತಿರೋವಾಗ ಹಿಮ ಬೀಳ್ತಾನೇ ಇರತ್ತೆ, ಎಲ್ಲಿ ನೋಡಿದ್ರೂ ಬಿಳಿ, ಬಿಳಿಯರ ಊರಿಗೆ ಆಕಾಶವೇ ಸೇರಿಕೊಂಡ ಹಂಗೆ. ಪೇಪರಲ್ಲಿ ಒಂದು ಮ್ಯಾಪ್ ಬರತ್ತೆ, ಪೊಲೀಸರು ಹುಡುಕಿ ಮುಗಿಸಿದ ಜಾಗಕ್ಕೆ ಕಪ್ಪು ಬಳಿದಿರ್ತಾರೆ, ಬಿಗ್ಗರ್ ತಾನು ನಿಂತಿರೋ ಉಳಿದ ಬಿಳಿ ಚೂರನ್ನ ಆ ಮ್ಯಾಪಲ್ಲೇ ನೋಡ್ತಾನೆ. ಹಿಮಾನ ಮೂಡ್‌ಗೆ ಅಂತ ಎಷ್ಟೋ ಜನ ಬಳಸಿದಾರೆ, ಇಲ್ಲಿ ಅದು ಬೆಲೆ ಬಾಳೋದು ಹೆಜ್ಜೆ ಗುರುತು ಮೂಡತ್ತೆ, ಓಡೋಕೆ ಆಗಲ್ಲ, ಖಾಲಿ ಬಿಲ್ಡಿಂಗಲ್ಲಿ ಚಳಿಗೆ ಸಾಯ್ತೀವಿ ಅನ್ನೋ ಲೌಕಿಕ ಕಾರಣಕ್ಕೆ, ಸಂಕೇತ ಆಮೇಲೆ.

ಟೋನಿ ಮಾರಿಸನ್ ವಿಷಯಕ್ಕೆ ಬಂದ್ರೆ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ, ಈ ವಿಷಯದಲ್ಲಿ ಅವರಷ್ಟು ಆಳಕ್ಕೆ ಇಳಿದೋರನ್ನ ನಾನಂತೂ ಓದಿಲ್ಲ. 1987ರ 'ಬಿಲವೆಡ್' ಮನೆ ನಂಬರಿಂದ ಶುರುವಾಗತ್ತೆ, 124, ಸಿನ್ಸಿನಾಟಿ ಊರಾಚೆ ಬ್ಲೂಸ್ಟೋನ್ ರೋಡಲ್ಲಿರೋ ಮನೆ, ಆ ಮನೆಗೆ ಹಗೆ ಸಿಟ್ಟು ಎಲ್ಲಾ ಇದೆ ಅನ್ನೋ ಹಂಗೆ ಮೊದಲ ವಾಕ್ಯ. ಯಾರ ಮನೆ, ಯಾಕೆ ಸಿಟ್ಟು, ಏನೂ ಹೇಳಲ್ಲ. ಮಾರಿಸನ್ ಇದನ್ನ ಬೇಕಂತಲೇ ಮಾಡಿದ್ದು ಅಂತ ಆಮೇಲೆ ವಿವರಿಸಿದಾರೆ, ಗುಲಾಮರನ್ನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಯಾವ ಸುಳಿವೂ ಕೊಡದೆ ಎಳ್ಕೊಂಡು ಹೋಗ್ತಿದ್ರಲ್ಲ, ಓದೋರನ್ನೂ ಹಂಗೇ ಎಳೆದು ಎಸೀಬೇಕಿತ್ತು ಅಂತ. ಅಂದ್ರೆ ಸೆಟ್ಟಿಂಗನ್ನ ವರ್ಣಿಸಿ ಮೂಡ್ ತರೋದಲ್ಲ, ಸೆಟ್ಟಿಂಗ್ ಗೊತ್ತಾಗದೇ ಇರೋ ಸ್ಥಿತೀನೇ ಮೂಡ್. ಓದ್ತಾ ಮೊದಲ ಇಪ್ಪತ್ತು ಪುಟ ಏನೂ ಅರ್ಥ ಆಗ್ಲಿಲ್ಲ ಅಂತ ನಮ್ಮ ಗುಂಪಲ್ಲಿ ಇಬ್ಬರು ಬೇಜಾರು ಮಾಡ್ಕೊಂಡಿದ್ರು, ಆ ಬೇಜಾರು ಕಾದಂಬರಿಯ ಒಳಗಿನದ್ದೇ ಅಂತ ಗೊತ್ತಾದ್ಮೇಲೆ ಮತ್ತೆ ಮೊದಲಿಂದ ಓದಿದ್ರು.

ಅದರಲ್ಲಿ ಒಂದು ಕಡೆ, ಆ 124ರಲ್ಲಿರೋ ಸೆಥೆ ಅನ್ನೋ ಹೆಂಗಸಿಗೆ ಅವಳು ಗುಲಾಮಳಾಗಿದ್ದ ಕೆಂಟಕಿಯ ತೋಟ ನೆನಪಾಗತ್ತೆ, ಆ ತೋಟದ ಹೆಸರು ಸ್ವೀಟ್ ಹೋಮ್. ನೆನಪಲ್ಲಿ ಆ ಜಾಗ ನಾಚಿಕೆ ಇಲ್ಲದೆ ಸುಂದರವಾಗಿ ಬಂದು ನಿಲ್ಲತ್ತೆ. ಮರಗಳು ಅಷ್ಟು ಚೆಂದ, ಆ ಮರಗಳಿಗೇ ಹುಡುಗರನ್ನ ನೇಣು ಹಾಕಿದ್ದು, ಆದ್ರೆ ಅವಳ ಮನಸ್ಸಿಗೆ ಹುಡುಗರಿಗಿಂತ ಮೊದಲು ಮರ ಬರತ್ತೆ, ಅದಕ್ಕೆ ಅವಳು ತನ್ನನ್ನೇ ಕ್ಷಮಿಸಲ್ಲ. ಇದನ್ನ ನಾನು ಎಷ್ಟು ಸಲ ಓದಿದೀನೋ ಗೊತ್ತಿಲ್ಲ. ಕೆಟ್ಟ ಕೆಲಸ ನಡೆದ ಜಾಗ ಕೆಟ್ಟದಾಗಿ ಕಾಣಬೇಕು ಅಂತ ನಮ್ಮ ಆಸೆ, ಮರಕ್ಕೆ ಅದೆಲ್ಲ ಗೊತ್ತಿಲ್ಲ, ಅದು ಚಿಗುರತ್ತೆ. ಕಣ್ಣಿಗೆ ಬೀಳೋ ಚೆಲುವಿಗೂ ಮನಸ್ಸಿಗೆ ಗೊತ್ತಿರೋ ಸತ್ಯಕ್ಕೂ ಮಧ್ಯೆ ಒಂದು ಬಿರುಕಿದೆಯಲ್ಲ, ಮೂಡ್ ಬರ್ತಿರೋದು ಆ ಬಿರುಕಿಂದ. ಗುಡುಗು ಮಿಂಚು ಹಾಕಿದ್ರೆ ಆ ಬಿರುಕು ಮುಚ್ಚಿಹೋಗತ್ತೆ. ನಮ್ಮ ಹುಡುಗಿ ಕತೇಲಿ ಆಗಿದ್ದೂ ಅದೇ, ಆಕಾಶ, ನಾಯಿ, ಕರೆಂಟು ಎಲ್ಲಾ ಆ ಹುಡುಗನ ಪರವಾಗಿ ಅಳ್ತಿದ್ವು, ನಾವು ಅಳೋಕೆ ಏನೂ ಉಳಿದಿರ್ಲಿಲ್ಲ.

ಅದೇ ಕಾದಂಬರೀಲಿ ಒಹಾಯೊ ನದಿ ಇದೆ. ಆ ಕಡೆ ಕೆಂಟಕಿ ಗುಲಾಮಗಿರಿ ಇರೋ ರಾಜ್ಯ, ಈ ಕಡೆ ಒಹಾಯೊ ಇಲ್ಲದ ರಾಜ್ಯ. ನದಿ ದಾಟಿದ್ರೆ ಬಿಡುಗಡೆ ಅನ್ಸತ್ತೆ. ಆದ್ರೆ 1850ರ ಕಾಯ್ದೆ ಪ್ರಕಾರ ತಪ್ಪಿಸ್ಕೊಂಡು ಬಂದೋರನ್ನ ಒಡೆಯರು ಈ ಕಡೆಗೂ ಬಂದು ಹಿಡ್ಕೊಂಡು ಹೋಗಬಹುದಿತ್ತು. ಈ ಒಂದು ವಿಷಯ ಗೊತ್ತಿದ್ರೆ 124ರ ಅಂಗಳದ ಮೂಡೇ ಬದಲಾಗತ್ತೆ. ಸೆಥೆಗೆ ಸಿಕ್ಕಿದ್ದು 28 ದಿನದ ಸ್ವಾತಂತ್ರ್ಯ, ಅಂಗಳ ತುಂಬ ಜನ, ಹಣ್ಣಿನ ಕಡುಬು, ನಗು, ಮಾರನೇ ದಿನ ಅದೇ ಅಂಗಳಕ್ಕೆ ನಾಲ್ಕು ಕುದುರೆ ಸವಾರರು ಬರ್ತಾರೆ. ಅಂಗಳ ಅದೇ. ಬೇಲಿ ಇದ್ರೂ ಅದು ಬೇಲಿ ಆಗಿರ್ಲಿಲ್ಲ ಅಂತ ಆಗ ಗೊತ್ತಾಗತ್ತೆ. ಇದಕ್ಕೆ ಎದುರಾಗಿ ಮಾರಿಸನ್ ಕಾಡಿನ ನಡುವೆ ಒಂದು ಬಯಲು ಇಟ್ಟಿದಾರೆ, ಅಲ್ಲಿ ಸೆಥೆಯ ಅತ್ತೆ ಬೇಬಿ ಸಗ್ಸ್ ಎಲ್ಲರನ್ನೂ ಸೇರಿಸಿ, ಕೈ ಕಾಲು ಕಣ್ಣು ಕುತ್ತಿಗೆ ಒಂದೊಂದಾಗಿ ಹೆಸರಿಸಿ ನಿಮ್ಮ ಮೈಯನ್ನ ನೀವೇ ಪ್ರೀತಿಸ್ಕೊಳಿ ಅಂತ ಹೇಳ್ತಾಳೆ, ಜನ ಕುಣೀತಾರೆ, ಅಳ್ತಾರೆ, ನಗ್ತಾರೆ. ಯಾರೂ ಆಳದ ಒಂದು ತುಂಡು ನೆಲ ಸಿಕ್ಕಿದ್ರೆ ಮೈ ಹೆಂಗೆ ಹಗುರ ಆಗತ್ತೆ ಅನ್ನೋದನ್ನೂ ಜಾಗದಿಂದಲೇ ತೋರಿಸಿದಾರೆ. ಬರೀ ನರಕ ಬರೆಯೋರಿಗೆ ಇದು ಆಗಲ್ಲ.

ಹಾರ್ಪರ್ ಲೀ ಅವರ 'ಟು ಕಿಲ್ ಎ ಮಾಕಿಂಗ್‌ಬರ್ಡ್' (1960) ನಮ್ಮಲ್ಲಿ ತುಂಬಾ ಜನ ಓದಿರ್ತೀರಿ, ಅದರಲ್ಲಿ ಒಂದು ಜಾಣತನ ಇದೆ. ಮಕ್ಕಳು ಇಡೀ ಬೇಸಿಗೆ ಹೆದರೋದು ಪಕ್ಕದ ರ‍್ಯಾಡ್ಲಿ ಮನೆಗೆ, ಮುಚ್ಚಿದ ಕಿಟಕಿ, ಕತ್ತಲು, ಮರದ ಪೊಟರೆ, ಪಕ್ಕಾ ದೆವ್ವದ ಮನೆ. ನಿಜವಾದ ಭಯಂಕರ ನಡೆಯೋದು ಹಾಡಹಗಲಲ್ಲಿ, ಕೋರ್ಟ್ ಹಾಲಲ್ಲಿ, ಎಲ್ಲರೂ ಬೆವರು ಒರೆಸ್ಕೊಂಡು ಕೂತಿರೋವಾಗ, ಕಪ್ಪು ಜನ ಮೇಲೆ ಬಾಲ್ಕನೀಲಿ, ಬಿಳಿಯರು ಕೆಳಗೆ. ಮಕ್ಕಳೂ ಆ ಬಾಲ್ಕನೀಲಿ ಕೂತೇ ನೋಡ್ತಾರೆ, ನಾವೂ ಅಲ್ಲಿಂದಾನೇ ನೋಡ್ತೀವಿ. ಆದ್ರೆ ಒಂದು ಮಾತು ಹೇಳಲೇಬೇಕು, ಕತೆ ಹೇಳೋ ಮಗು ಬಿಳಿಯ ವಕೀಲನ ಮಗಳು, ಅವಳು ರಾತ್ರಿ ಮನೆಗೆ ಹೋಗಿ ಮಲಗ್ತಾಳೆ, ಅದಕ್ಕೇ ಆ ಪುಸ್ತಕದ ಬಿಸಿಲಲ್ಲಿ ಒಂದು ಹಿತವಾದ ಹಳೇ ನೆನಪಿನ ವಾಸನೆ ಇದೆ. ಅದೇ ಊರನ್ನ ಸುಳ್ಳು ಆರೋಪಕ್ಕೆ ಕಟಕಟೇಲಿ ನಿಂತಿರೋ ಕಪ್ಪು ಮನುಷ್ಯ ಟಾಮ್ ರಾಬಿನ್ಸನ್ ಹೇಳಿದ್ರೆ ಆ ವಾಸನೆ ಇರಲ್ಲ. ಸೆಟ್ಟಿಂಗ್ ಬಗ್ಗೆ ಮಾತಾಡೋವಾಗ ಯಾರ ಮೈಯಿಂದ ನೋಡ್ತಿದೀವಿ ಅನ್ನೋದನ್ನ ಬಿಟ್ರೆ ಅರ್ಧ ಬಿಟ್ಟ ಹಂಗೆ.

ಆಕ್ಟೇವಿಯಾ ಬಟ್ಲರ್ ಈ ಮೈ ಅನ್ನೋದನ್ನೇ ಹಿಡ್ಕೊಂಡು ಬರೆದಿದ್ದು 1979ರ 'ಕಿಂಡ್ರೆಡ್'. 1976ರ ಲಾಸ್ ಏಂಜಲಿಸ್‌ನಲ್ಲಿ ಹೊಸ ಮನೆಗೆ ಬಂದು ಪುಸ್ತಕ ಜೋಡಿಸ್ತಿರೋ ಡಾನಾ ಅನ್ನೋ ಕಪ್ಪು ಹೆಂಗಸು ತಲೆ ಸುತ್ತಿ ಬಿದ್ದು ಎದ್ದರೆ ಗುಲಾಮಗಿರಿ ಕಾಲದ ಮೇರಿಲ್ಯಾಂಡಲ್ಲಿರ್ತಾಳೆ. ಹೋಗಿ ಬಂದು ಹೋಗಿ ಬಂದು, ಒಂದು ಹಂತದಲ್ಲಿ ಅವಳಿಗೆ ಆ ತೋಟದ ಮನೆ ಕಂಡಾಗ ಸದ್ಯ ಮನೆಗೆ ಬಂದೆ ಅನ್ನೋ ಥರದ ಸಮಾಧಾನ ಆಗತ್ತೆ. ನಂಗೆ ಆ ಪುಸ್ತಕದಲ್ಲಿ ಚಾಟಿಗಿಂತ ಭಯ ಆಗಿದ್ದು ಆ ಸಮಾಧಾನ. ಜಾಗ ಮನುಷ್ಯರನ್ನ ಪಳಗಿಸತ್ತೆ, ಸದ್ದಿಲ್ಲದೆ, ಅಡುಗೆಮನೆ ಬೆಚ್ಚಗಿನ ಬೆಳಕಲ್ಲಿ. ಕೊನೇ ಸಲ ವಾಪಸ್ ಬರೋವಾಗ ಅವಳ ತೋಳು ತನ್ನ ಮನೆಯ ಗೋಡೇಲೇ ಸಿಕ್ಕೊಂಡು ಹೋಗಿಬಿಡತ್ತೆ.

ಬೆಳಕಿನ ಮಾತು ಬಂತಲ್ಲ, ರಾಲ್ಫ್ ಎಲಿಸನ್‌ನ 'ಇನ್‌ವಿಸಿಬಲ್ ಮ್ಯಾನ್' (1952) ಕಾದಂಬರಿಯ ನಾಯಕ ಒಂದು ನೆಲಮಾಳಿಗೇಲಿ ಕದ್ದ ಕರೆಂಟಲ್ಲಿ 1,369 ಬಲ್ಬ್ ಹಾಕ್ಕೊಂಡು ಕೂತಿರ್ತಾನೆ. ಯಾರ ಕಣ್ಣಿಗೂ ಕಾಣದೋನು ತಾನು ಇದೀನಿ ಅಂತ ತನಗೇ ತೋರಿಸ್ಕೊಳೋ ಬೆಳಕು ಅದು. ಕತ್ತಲೆ ಅಂದ್ರೆ ದುಃಖ, ಬೆಳಕು ಅಂದ್ರೆ ಸಂತೋಷ ಅನ್ನೋ ಲೆಕ್ಕ ಅಲ್ಲಿಗೆ ಮುಗೀತು.

ನಮ್ಮ ಭಾಷೆಗೆ ಬಂದ್ರೆ, ಕನ್ನಡದಲ್ಲಿ ಊರು ಕೇರಿ ಅನ್ನೋ ಎರಡು ಪದ ಜೊತೇಲೇ ಇದೆ. ಊರು ಅಂದ್ರೆ ಎಲ್ಲರದ್ದೂ ಆಗಬೇಕಿತ್ತು, ಆದ್ರೆ ಕೇರಿಯೋರು ಊರೊಳಗೆ ಹೋಗಿಬರ್ತೀನಿ ಅಂತಾರೆ, ಅಂದ್ರೆ ಅವರಿರೋದು ಊರಲ್ಲ ಅಂತ ಭಾಷೇನೇ ಗೆರೆ ಎಳೆದಿದೆ. ಜಾತಿ ಬೇರೆ, ಜನಾಂಗಭೇದ ಬೇರೆ, ಎರಡರ ಚರಿತ್ರೆ ಬೇರೆ, ಒಂದರ ಮೇಲೊಂದು ಹಾಕಿ ಅಳೆಯೋದು ಎರಡಕ್ಕೂ ಅನ್ಯಾಯ. ಆದ್ರೆ ಜಾಗ ಕೆಲಸ ಮಾಡೋ ರೀತಿ ಮಾತ್ರ ಅಕ್ಕಪಕ್ಕದ್ದು. ಕಾರಂತರ 'ಚೋಮನ ದುಡಿ' (1933) ನೆನಪು ಮಾಡ್ಕೊಳಿ, ಚೋಮನ ಹತ್ರ ಎರಡು ಎತ್ತಿದೆ, ಎದುರಿಗೆ ಕಣ್ಣಿಗೆ ಕಾಣೋಷ್ಟು ಗದ್ದೆ ಇದೆ, ತನ್ನದು ಅಂತ ಉಳೋ ಹಕ್ಕಿಲ್ಲ. ಹಸಿರು ಗದ್ದೆ ಅಷ್ಟು ನೋವು ಕೊಡೋದು ಅದಕ್ಕೇ. ಗುಡಿಸಲಿಂದ ದುಡಿ ಸದ್ದು ಮಾತ್ರ ಹೊರಗೆ ಹೋಗಬಲ್ಲದು, ಅವನು ಹೋಗೋಕೆ ಆಗದ ಕಡೆಗೂ ಅದು ಹೋಗತ್ತೆ.

ಬೆಂಗಳೂರೂ ಇಂಥ ಗೆರೆಗಳ ಮೇಲೇ ಎದ್ದಿರೋ ಊರು. 1809ರಲ್ಲಿ ದಂಡು, ಅಂದ್ರೆ ಬ್ರಿಟಿಷರ ಸೈನ್ಯದ ಕಂಟೋನ್ಮೆಂಟ್, ಬಂತು, ಆಮೇಲೆ ಹಳೇ ಪೇಟೆಗೆ ಒಂದು ಆಡಳಿತ, ದಂಡಿಗೆ ಇನ್ನೊಂದು, ಎರಡೂ ಸೇರಿ ಒಂದು ಕಾರ್ಪೊರೇಷನ್ ಆಗಿದ್ದು 1949ರಲ್ಲಿ. ನಾವು ಕೂತು ಓದೋ ಕಬ್ಬನ್ ಪಾರ್ಕ್ ಆ ಎರಡರ ಮಧ್ಯದ ಜಾಗ. ಇದೆಲ್ಲ ಹಳೇದು ಅಂತ ಬಿಡೋಣ ಅಂದ್ರೆ 2012ರ ಆಗಸ್ಟ್ ಇದೆ. ಈಶಾನ್ಯ ರಾಜ್ಯದೋರ ಮೇಲೆ ದಾಳಿ ಆಗತ್ತೆ ಅನ್ನೋ ಪುಕಾರು ಫೋನಿಂದ ಫೋನಿಗೆ ಹಬ್ಬಿ, ಎರಡು ಮೂರು ದಿನದಲ್ಲಿ ಸಾವಿರಾರು ಜನ ಮೆಜೆಸ್ಟಿಕ್ ರೈಲ್ವೆ ಸ್ಟೇಷನ್‌ಗೆ ಬಂದು ಗುವಾಹಟಿ ಕಡೆ ರೈಲು ಹತ್ತಿದ್ರು, ಸ್ಪೆಷಲ್ ರೈಲೇ ಬಿಡಬೇಕಾಯ್ತು. ಅವತ್ತು ಬೆಂಗಳೂರಿನ ರಸ್ತೆ ಬದಲಾಗಿರ್ಲಿಲ್ಲ, ಅದೇ ದರ್ಶಿನಿ, ಅದೇ ಬಸ್ ಸ್ಟಾಪು, ನಾನು ಕಾಫಿ ಕುಡೀತಾ ನಿಂತಿದ್ದ ಅದೇ ಫುಟ್‌ಪಾತು. ನಂಗೆ ಅವತ್ತು ಮಾಮೂಲಿ ಗುರುವಾರ, ಪಕ್ಕದಲ್ಲಿ ನಿಂತಿದ್ದ ಹುಡುಗನಿಗೆ ಅದೇ ಫುಟ್‌ಪಾತು ಬಿಟ್ಟು ಹೋಗಬೇಕಾದ ಜಾಗ. ಇದನ್ನ ಕತೆ ಮಾಡೋರು ಮಳೆ ಹಾಕಬೇಕಾಗಿಲ್ಲ, ಕಾಫಿ ಲೋಟದ ಪಕ್ಕ ಒಂದು ಬ್ಯಾಗ್ ಇಟ್ರೆ ಸಾಕು, ಬೇಸಿಗೆ ರಜೆಗೆ ಹೊರಟೋರ ಬ್ಯಾಗಿನ ಥರ ಅಲ್ಲದ, ಕೈಗೆ ಸಿಕ್ಕಿದ್ದನ್ನ ತುಂಬಿ ಜಿಪ್ಪು ಪೂರ್ತಿ ಎಳೀದೇ ಇರೋ ಬ್ಯಾಗು.

ಅದಕ್ಕೇ ಬರೆಯೋರಿಗೆ ನಾನು ಹೇಳೋದು, ಜಾಗಾನ ವರ್ಣಿಸೋಕೆ ಮುಂಚೆ ಆ ಜಾಗದ ರೂಲು ಏನು ಅಂತ ಕಂಡುಹಿಡೀರಿ. ಇಲ್ಲಿ ಯಾರು ಕೂರಬಹುದು, ಯಾರು ನಿಂತೇ ಇರಬೇಕು, ಎಷ್ಟು ಗಂಟೆವರೆಗೂ ಇರಬಹುದು, ಯಾವ ಬಾಗಿಲಿಂದ ಬರಬೇಕು, ಜೋರಾಗಿ ನಗಬಹುದಾ. ಆ ರೂಲನ್ನ ಯಾರೂ ಬಾಯಿಬಿಟ್ಟು ಹೇಳಬಾರದು, ಪಾತ್ರದ ಮೈ ಅದನ್ನ ಮೊದಲೇ ಕಲಿತಿರಬೇಕು, ಮೈ ಒಂದು ಸಣ್ಣ ಕೆಲಸ ಮಾಡತ್ತೆ, ಹೆಜ್ಜೆ ನಿಧಾನ ಮಾಡತ್ತೆ, ಕೈನ ಜೇಬಿಂದ ಆಚೆ ತೆಗೆಯತ್ತೆ, ಓದೋರು ಅದನ್ನ ನೋಡಿ ರೂಲನ್ನ ತಾವೇ ಊಹಿಸ್ಕೊಂಡಾಗ ಎದೆ ಬಿಗಿ ಆಗತ್ತೆ, ನಂಗೆ ಹಿಂದಿನ ಸಂದೀಲಿ ಆಗ್ತಿದ್ದ ಹಂಗೆ.

ಈ ತಿಂಗಳು ಆ ಹುಡುಗಿ ಕತೆ ತಿದ್ದಿ ತಂದಿದ್ಲು. ಮೋಡ ಇಲ್ಲ, ನಾಯಿ ಇಲ್ಲ. ಡಿಸೆಂಬರ್ ತಿಂಗಳ ಹನ್ನೊಂದು ಗಂಟೆ ಎಳೆ ಬಿಸಿಲು, ಬಾಗಿಲಲ್ಲಿ ರಂಗೋಲಿ, ಗೇಟಿಗೆ ಟು ಲೆಟ್ ಬೋರ್ಡು. ಫೋನಲ್ಲಿ ಬನ್ನಿ ಬನ್ನಿ ಅಂದಿದ್ದ ಆಂಟಿ ಒಳಗಿಂದ ಬರ್ತಾರೆ, ಅವನನ್ನ ನೋಡ್ತಾರೆ, ಅವನು ಆಗ್ಲೇ ಎರಡು ಹೆಜ್ಜೆ ಹಿಂದೆ ಸರಿದು, ರಂಗೋಲಿ ತುಳೀದ ಹಂಗೆ, ಇಡೀ ರಸ್ತೆಗೆ ತಾನು ಕಾಣೋ ಹಂಗೆ ನಿಂತ್ಕೊಂಡಿರ್ತಾನೆ, ಇದು ಅವನು ನೋಡ್ತಿರೋ ಒಂಬತ್ತನೇ ಮನೆ. ಆಂಟಿ ತುಂಬಾ ಮರ್ಯಾದೆಯಿಂದ ಮಾತಾಡ್ತಾರೆ, ಊಟ ಆಯ್ತಾ ಅಂತಾನೂ ಕೇಳ್ತಾರೆ, ಕೈ ಮಾತ್ರ ಚಿಲಕದ ಮೇಲೇ ಇರತ್ತೆ. ಮನೆ ಕೊಡಲ್ಲ ಅನ್ನೋ ಮಾತು ಮೊದಲು ಇತ್ತಂತೆ, ಅದನ್ನೂ ತೆಗೆದುಬಿಟ್ಟೆ ಸರ್ ಅಂದ್ಲು. ಈಗ ಕತೆ ನಿಲ್ಲೋದು ಆಂಟಿ ಒಳಗೆ ಹೋದ್ಮೇಲೆ ಅವನು ಆ ಬೋರ್ಡಿನ ಫೋಟೋನ ಮೊಬೈಲಿಂದ ಡಿಲೀಟ್ ಮಾಡಿ ಮುಂದಿನ ಗೇಟಿನ ಕಡೆ ನಡೆಯೋವಾಗ, ಜೇಬಿಂದ ಎರಡೂ ಕೈ ಆಚೆ ತೆಗೆದು.